ಹಳೆಯ ಸೋಫಾದ ಹಠಮಾರಿ ವಾಸನೆ

ಹರಿಹರದಿಂದ ದಾವಣಗೆರೆಗೆ ಸುಮಾರು ೧೪ ಕಿಲೋಮೀಟರು ದೂರ. ಈ ದಾರಿಯಲ್ಲಿ ದಿನವೂ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಮನೆಯಲ್ಲಿ ಮಂಡಿನೋವಿನ ಅಜ್ಜಿಯಿದ್ದಾರೆ. ನೆಲದ ಮೇಲೆ ಕುಳಿತು ಏಳುವುದು ಅವರಿಗೆ ಕಷ್ಟ. ಹೊಸ ಸೋಫಾ ಕೊಳ್ಳುವ ಅನುಕೂಲವಿಲ್ಲ. ದಾವಣಗೆರೆಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಗಟ್ಟಿಮುಟ್ಟಾದ ಮರದ ಸೋಫಾವೊಂದು ಅಗ್ಗವಾಗಿ ಸಿಕ್ಕಿತು. ಅಂಗಡಿಯಲ್ಲಿ ಅದು ಮಲ್ಲಿಗೆಯಂತೆ ಪರಿಮಳಿಸುತ್ತಿತ್ತು. ಮನೆಗೆ ತಂದ ಮೂರನೆಯ ದಿನ ಮಳೆ ಹಿಡಿಯಿತು. ಮಲ್ಲಿಗೆ ಎಲ್ಲಿಯೋ ಅಡಗಿ, ಮುಗ್ಗಲು ನಾತವೂ ಹುಳಿ ನಾತವೂ ಒಟ್ಟಿಗೆ ಮೇಲೆದ್ದವು. ಅಜ್ಜಿಗೆ ಮೊದಲೇ ಉಬ್ಬಸದ ಬಾಧೆ. ಈಗ ಸೋಫಾವನ್ನು ಉಳಿಸಿಕೊಳ್ಳಬೇಕೇ, ಹೊರಗೆ ಹಾಕಬೇಕೇ?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲುದು ರಸಾಯನಶಾಸ್ತ್ರ. ಅದು ಮೊದಲು ಕಲಿಸುವ ಪಾಠವಿಷ್ಟೆ: ವಾಸನೆಯೆಂಬುದು ಒಂದು ವಸ್ತು. ಸೋಫಾದಿಂದ ಹೊರಟ ಅಣುಗಳು ಗಾಳಿಯಲ್ಲಿ ತೇಲಿಬಂದು ಮೂಗಿನೊಳಗಿನ ಗ್ರಾಹಕಗಳಿಗೆ ತಗಲಿದಾಗ ಮಾತ್ರ ನಮಗೆ ವಾಸನೆಯ ಅರಿವಾಗುತ್ತದೆ. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು ೪೦೦ ಬಗೆಯವು. ಇವುಗಳ ಮೂಲವನ್ನು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿ, ಅದನ್ನು ಗುರುತಿಸದೆ ಹೋಗುತ್ತದೆ. ಆದುದರಿಂದ “ವಾಸನೆಯೇನೂ ಇಲ್ಲವಲ್ಲ” ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳೇ ಆಗಬೇಕೆಂದಿಲ್ಲ. ಕೊಳ್ಳುವವರು ಹೊರಗಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದು, ಮೆತ್ತೆಯನ್ನು ಒತ್ತಿ, ಒಳಗಿನಿಂದ ಬರುವ ಗಾಳಿಯನ್ನು ಮೂಸಿನೋಡುವುದು ಜಾಣತನ.

ಸುಗಂಧವನ್ನು ಸಿಂಪಡಿಸಿದರೆ ದುರ್ವಾಸನೆಯ ಅಣುಗಳು ಎಲ್ಲಿಗೂ ಹೋಗುವುದಿಲ್ಲ. ಸುಗಂಧದ ಅಣುಗಳು ಅವುಗಳ ಜೊತೆಗೆ ಸೇರಿಕೊಳ್ಳುತ್ತವೆ, ಅಷ್ಟೆ. ಸುಗಂಧವು ಬೇಗನೆ ಆರಿಹೋಗುತ್ತದೆ, ಕೊಳೆಯು ಉಳಿಯುತ್ತದೆ. ಮಳೆಗಾಲದಲ್ಲಿ ನಾತ ಹೆಚ್ಚುವುದಕ್ಕೂ ಕಾರಣವುಂಟು. ತೇವದ ಗಾಳಿಯಲ್ಲಿರುವ ನೀರಿನ ಅಣುಗಳು ನೂಲಿನ ಎಳೆಗಳಿಗೆ ಅಂಟಿಕೊಳ್ಳುವಾಗ, ಅಲ್ಲಿ ಮೊದಲೇ ನೆಲಸಿದ್ದ ವಾಸನೆಯ ಅಣುಗಳನ್ನು ಎಬ್ಬಿಸಿ ಹೊರದೂಡುತ್ತವೆ. ಹತ್ತಿಗೆ ನೀರೆಂದರೆ ಬಲು ಆಸೆ. ಸಾಧಾರಣ ತೇವದ ಗಾಳಿಯಲ್ಲಿಯೇ ಅದು ತನ್ನ ಒಣತೂಕದ ನೂರಕ್ಕೆ ಸುಮಾರು ೮ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಎಳೆ ಹೀರುವುದು ನೂರಕ್ಕೆ ಅರ್ಧದಷ್ಟೂ ಇಲ್ಲ.

ಹಾಗಾದರೆ ಮಾಡಬೇಕಾದ ಕೆಲಸವೇನು? ವಾಸನೆಯ ಮೂಲ ಯಾವುದು, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿದು, ಅದನ್ನೇ ಹೊರಕ್ಕೆ ತೆಗೆಯಬೇಕು. ಮೂಲಗಳಲ್ಲಿ ಮುಖ್ಯವಾದ ಮೂರನ್ನು ಇಲ್ಲಿ ನೋಡೋಣ.

ಮೊದಲನೆಯದು ಜಿಡ್ಡು. ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆಯಲ್ಲಿ ಇದರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಸೋಫಾದ ಮೇಲೆ ಕುಳಿತು ದೋಸೆ ತಿನ್ನುವಾಗ ಒಂದು ತೊಟ್ಟು ಬೆಣ್ಣೆ ಬಟ್ಟೆಗೆ ಬಿತ್ತೆನ್ನಿ. ಆ ಕ್ಷಣಕ್ಕೆ ಅದು ಘಮಘಮಿಸುತ್ತದೆ. ಆದರೆ ದಿನ ಕಳೆದಂತೆ ಸೂಕ್ಷ್ಮಜೀವಿಗಳು ಬೆಣ್ಣೆಯ ಕೊಬ್ಬನ್ನು ಒಡೆದು ಬ್ಯುಟಿರಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತವೆ. ಫ್ರಾನ್ಸಿನ ಷೆವ್ರಲ್ ಎಂಬ ವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಆಮ್ಲವನ್ನು ಬೆಣ್ಣೆಯಲ್ಲಿಯೇ ಕಂಡುಹಿಡಿದನು. ಬೆಣ್ಣೆಯ ಲ್ಯಾಟಿನ್ ಹೆಸರೇ ಅದಕ್ಕೆ ಬಂದಿತು. ಹಳಸಿದ ಬೆಣ್ಣೆಯ ಕಮಟು ನಾತ ಇದರದೇ. ಅಡುಗೆ ಸೋಡವು ಕ್ಷಾರಗುಣವುಳ್ಳದ್ದಾದುದರಿಂದ ಈ ಆಮ್ಲದೊಡನೆ ಕೂಡಿ, ಹಾರಲಾರದ ಲವಣವನ್ನು ಉಂಟುಮಾಡುತ್ತದೆ. ಆದರೆ ಉಳಿದ ಕೊಬ್ಬು ನಾಳೆ ಮತ್ತೆ ಹಳಸುತ್ತದೆ. ಅದನ್ನು ತೆಗೆಯಲು ಮಾರ್ಜಕ ಬೇಕು. ಮಾರ್ಜಕದ ಅಣುವಿನ ಒಂದು ತುದಿ ಜಿಡ್ಡನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುತ್ತದೆ. ಹೀಗೆ ಎರಡನ್ನೂ ಹಿಡಿದು ಕೊಳೆಯನ್ನು ಹೊರಕ್ಕೆ ಸಾಗಿಸುತ್ತದೆ.

ಎರಡನೆಯದು ಮೂತ್ರ. ಮಕ್ಕಳ ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಒಡೆದಾಗ ಅಮೋನಿಯ ಹುಟ್ಟುತ್ತದೆ. ಮೂಗಿಗೆ ಕುಟುಕುವುದು ಅದೇ. ೧೯೨೬ರಲ್ಲಿ ಜೇಮ್ಸ್ ಸಮ್ನರ್ ಎಂಬಾತನು ಮೊಟ್ಟಮೊದಲು ಹರಳಿನ ರೂಪದಲ್ಲಿ ಪಡೆದ ಕಿಣ್ವವು ಇದೇ ಯೂರಿಯೇಸ್. ಅಮೋನಿಯವು ಕ್ಷಾರ; ತಿಳಿಯಾದ ವಿನಿಗರ್ ಅದನ್ನು ಅಡಗಿಸುತ್ತದೆ. ಆದರೆ ಮೂತ್ರದಲ್ಲಿ ಯೂರಿಕ್ ಆಮ್ಲವೂ ಇರುತ್ತದೆ. ಅದರ ಒಂದು ಗ್ರಾಂ ಕರಗಬೇಕಾದರೆ ತಣ್ಣೀರು ಹತ್ತು ಲೀಟರಿಗಿಂತಲೂ ಹೆಚ್ಚು ಬೇಕು. ತೊಳೆದಷ್ಟೂ ನಾತ ಮರುಕಳಿಸುವುದಕ್ಕೆ ಇದೂ ಒಂದು ಕಾರಣ. ಇಲ್ಲಿ ಕಿಣ್ವಗಳುಳ್ಳ ದ್ರಾವಣವೇ ಮದ್ದು. ಅದನ್ನು ಬಳಸುವಾಗ ಅವಸರ ಸಲ್ಲದು, ಕುದಿನೀರೂ ಸಲ್ಲದು. ಅತಿಯಾದ ಬಿಸಿಗೆ ಕಿಣ್ವವು ಕೆಡುತ್ತದೆ.

ಮೂರನೆಯದು ಬೂಷ್ಟು. ಹೊಳೆಯ ದಂಡೆಯ ಹರಿಹರದಲ್ಲಿ ಮಳೆಗಾಲದ ಮುಗ್ಗಲು ವಾಸನೆಯನ್ನು ಅರಿಯದವರಿಲ್ಲ. ನೆನೆದ ಮೆತ್ತೆ ಒಂದೆರಡು ದಿನಗಳೊಳಗೆ ಒಣಗದಿದ್ದರೆ ಬೂಷ್ಟು ಬೇರೂರತೊಡಗುತ್ತದೆ. ಅದರ ಬೀಜಕಣಗಳು ಉಬ್ಬಸದವರಿಗೆ ಶತ್ರುಗಳು. ಮೇಲ್ಬಟ್ಟೆಯಲ್ಲಷ್ಟೇ ಇರುವ ಬೂಷ್ಟನ್ನು ಮನೆಯ ಹೊರಗೆ ಉಜ್ಜಿ ತೆಗೆದು, ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬಹುದು. ಫೋಮಿನ ಒಳಕ್ಕೆ ಇಳಿದ ಬೂಷ್ಟಿಗೆ ಈ ಉಪಾಯ ನಡೆಯದು. ಫೋಮೆಂದರೆ ಒಂದರೊಳಗೊಂದು ತೆರೆದುಕೊಂಡ ಸಾವಿರಾರು ಕೋಣೆಗಳ ಮನೆ. ಅದರ ಮೂಲೆಮೂಲೆಗೆ ಬಿಸಿಲೂ ಮುಟ್ಟದು, ಕುಂಚವೂ ಮುಟ್ಟದು.

ವೃತ್ತಿಯಾಗಿ ಸೋಫಾಗಳನ್ನು ಶುಚಿಮಾಡುವವರ ಯಂತ್ರದ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರು ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಕಂಡು, ಊದುವುದರ ಬದಲು ಹೀರಿದರೆ ಹೇಗೆಂದು ಯೋಚಿಸಿದನು. ಹೋಟಲೊಂದರಲ್ಲಿ ಮೆತ್ತೆಯ ಕುರ್ಚಿಯ ಮೇಲೆ ಕರವಸ್ತ್ರವನ್ನಿಟ್ಟು ಬಾಯಿಯಿಂದಲೇ ಗಾಳಿಯನ್ನು ಎಳೆದನು. ಕರವಸ್ತ್ರದ ಅಡಿಯಲ್ಲಿ ಧೂಳು ಕಪ್ಪಗೆ ಅಂಟಿತ್ತು! ೧೯೦೧ರಲ್ಲಿ ಅವನ ನಿರ್ವಾತ ಯಂತ್ರವು ಕೆಲಸಕ್ಕೆ ಬಂದಿತು. ಇಂದಿನ ಕಸುಬಿನವರು ಮೊದಲು ಒಣಧೂಳನ್ನು ಹೀರಿಸುತ್ತಾರೆ. ಅನಂತರ ಕಾಣದ ಮೂಲೆಯೊಂದರಲ್ಲಿ ಬಟ್ಟೆಯ ಬಣ್ಣ ಬಿಡುವುದೋ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಯಂತ್ರವು ಬಿಸಿನೀರಿನ ಮಾರ್ಜಕವನ್ನು ಚಿಮ್ಮಿಸಿ, ಕೊಳೆಸಮೇತ ಅದನ್ನು ಒಡನೆಯೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ಕೊನೆಗೆ ಬೀಸಣಿಗೆಯ ಗಾಳಿಯಲ್ಲಿ ಒಣಗಿಸುತ್ತಾರೆ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ತಪ್ಪುವುದು ಈ ಕೊನೆಯ ಎರಡು ಹಂತಗಳಲ್ಲಿ. ಕೊಡಗಟ್ಟಲೆ ನೀರು ಸುರಿದು ಹಾಗೆಯೇ ಬಿಟ್ಟರೆ ಹಳೆಯ ನಾತ ಹೋಗಿ ಹೊಸ ಬೂಷ್ಟು ಬರುತ್ತದೆ.

ಹೀರಿ ತೆಗೆದ ಮೇಲೂ ಅಲ್ಪಸ್ವಲ್ಪ ವಾಸನೆ ಉಳಿದರೆ ಸಕ್ರಿಯ ಇದ್ದಿಲು ಉಪಯೋಗಕ್ಕೆ ಬರುತ್ತದೆ. ತೆಂಗಿನ ಚಿಪ್ಪಿನಿಂದಲೂ ಇದನ್ನು ತಯಾರಿಸುತ್ತಾರೆ. ಇದರ ಒಂದು ಗ್ರಾಮಿನೊಳಗಿನ ಸೂಕ್ಷ್ಮರಂಧ್ರಗಳ ಮೇಲ್ಮೈಯನ್ನೆಲ್ಲ ಹರಡಿದರೆ ಸುಮಾರು ೧೦೦೦ ಚದರ ಮೀಟರ್, ಎಂದರೆ ಹತ್ತು ಗುಂಟೆ ಹೊಲದಷ್ಟಾದೀತು! ವಾಸನೆಯ ಅಣುಗಳು ಈ ವಿಶಾಲವಾದ ಮೇಲ್ಮೈಗೆ ಅಂಟಿಕೊಂಡು ನಿಲ್ಲುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ನಾತ ಹೋಗಲೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಬೆರೆಸುವುದು ಅಪಾಯಕರ. ಬ್ಲೀಚಿಂಗ್ ದ್ರಾವಣಕ್ಕೆ ವಿನಿಗರ್ ಬೆರೆತರೆ ಕ್ಲೋರಿನ್ ಅನಿಲವೂ, ಅಮೋನಿಯ ಬೆರೆತರೆ ಕ್ಲೋರಮೀನ್ ಎಂಬ ವಿಷಾನಿಲವೂ ಹುಟ್ಟುತ್ತವೆ. ಮೂತ್ರದ ಕಲೆಯಲ್ಲಿ ಅಮೋನಿಯ ಮೊದಲೇ ಇರುತ್ತದೆಂಬುದನ್ನು ಮರೆಯಬಾರದು.

ನಮ್ಮ ಹಿರಿಯರು ಯಂತ್ರವಿಲ್ಲದೆ ಏನು ಮಾಡುತ್ತಿದ್ದರು? ದಾವಣಗೆರೆಯು ಹತ್ತಿಗಿರಣಿಗಳಿಂದ ಹೆಸರಾದ ಊರು. ಈ ಸೀಮೆಯಲ್ಲಿ ಪಿಂಜಾರರು ಹಳೆಯ ಗಾದಿಯನ್ನು ಬಿಚ್ಚಿ, ಅರಳೆಯನ್ನು ಬಿಸಿಲಿಗೆ ಹರಡಿ, ಬಿಲ್ಲಿನ ನಾರಿಯಿಂದ ಹಿಂಜಿ, ಧೂಳನ್ನು ಹಾರಿಸಿ, ಹಗುರಾದ ಅರಳೆಯನ್ನು ಶುಭ್ರವಾದ ಬಟ್ಟೆಯೊಳಗೆ ಮತ್ತೆ ತುಂಬಿ ಹೊಲಿಯುತ್ತಿದ್ದರು. ಮುಚ್ಚಿದುದನ್ನು ತೆರೆ, ಕೊಳೆಯನ್ನು ಹೊರಹಾಕು, ಒಣಗಿಸು ಎಂಬ ತತ್ತ್ವವು ಅವರ ಕಸುಬಿನಲ್ಲಿಯೇ ಅಡಗಿತ್ತು. ಆ ಧೂಳು ಅವರ ಶ್ವಾಸಕೋಶಗಳಿಗೆ ಹಾನಿಕರವಾಗಿತ್ತೆಂಬುದೂ ನಿಜ. ಇಂದು ಈ ಕೆಲಸವನ್ನು ಮಾಡುವವರು ಬಯಲಿನಲ್ಲಿ, ಮೂಗು ಬಾಯಿಗಳನ್ನು ಮುಚ್ಚಿಕೊಂಡು ಮಾಡಬೇಕು.

ಎಲ್ಲವನ್ನೂ ಉಳಿಸಿಕೊಳ್ಳಲು ಹೋಗಲೂಬಾರದು. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ತುಂಗಭದ್ರೆಯು ತುಂಬಿ ಹರಿದಾಗ ಹರಿಹರದ ತಗ್ಗಿನ ಭಾಗಗಳಿಗೆ ನೀರು ನುಗ್ಗಿತ್ತು. ನೆರೆಯ ನೀರಿನಲ್ಲಿ ಚರಂಡಿಯ ಕೊಳೆಯೂ ರೋಗಾಣುಗಳೂ ಬೆರೆತಿರುತ್ತವೆ. ಅದರಲ್ಲಿ ಮುಳುಗಿದ ಮೆತ್ತೆಯನ್ನು ಸುಗಂಧ ಹಾಕಿ ಮನೆಯೊಳಗೆ ಇಟ್ಟುಕೊಳ್ಳುವುದು ಉಳಿತಾಯವಲ್ಲ, ರೋಗಕ್ಕೆ ಕೊಡುವ ಆಹ್ವಾನ.

ನಮ್ಮ ವಿದ್ಯಾರ್ಥಿಯ ಸಮಸ್ಯೆಗೆ ಈಗ ಉತ್ತರ ದೊರೆಯಿತು. ಅವನು ಮೆತ್ತೆಯ ಹೊಲಿಗೆಯನ್ನು ಬಿಚ್ಚಿ ನೋಡಿದನೆನ್ನಿ: ಮೇಲ್ಬಟ್ಟೆಯಲ್ಲಿ ಜಿಡ್ಡಿನ ಕಲೆ, ಫೋಮಿನ ಒಳಗೆಲ್ಲ ಬೂಷ್ಟಿನ ಕಪ್ಪು ಚುಕ್ಕೆಗಳು. ಮರವು ಗಟ್ಟಿಯಾಗಿದೆ. ಹಾಗಿರುವಲ್ಲಿ ಫೋಮನ್ನು ಎಸೆಯಬೇಕು. ಬಟ್ಟೆಯನ್ನು ಮಾರ್ಜಕದಲ್ಲಿ ಒಗೆದು ಒಣಗಿಸಬೇಕು. ಮರವನ್ನು ಒರೆಸಿ ಬಿಸಿಲು ಕಾಣಿಸಬೇಕು. ಹೊಸ ಅರಳೆಯ ಮೆತ್ತೆಯನ್ನು ಹೊಲಿಸಬೇಕು. ಅಗ್ಗದ ಸೋಫಾ ಇದರಿಂದ ಸ್ವಲ್ಪ ತುಟ್ಟಿಯಾದೀತು, ನಿಜ. ಆದರೆ ಮುಂದಿನ ಮಳೆಗಾಲದಲ್ಲಿ ಅಜ್ಜಿ ಅದರ ಮೇಲೆ ಕುಳಿತು ನಿರಾತಂಕವಾಗಿ ಉಸಿರಾಡಬಲ್ಲರು.