ಗಿಡದ ನೆರಳು, ಮನದ ಮೌನ

ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ, ಮಕ್ಕಳು ದುಡಿಮೆಗೆ ಹತ್ತಿದ್ದಾರೆ, ಆದರೆ ಮನಸ್ಸಿಗೆ ನೆಮ್ಮದಿ ಮಾತ್ರ ಇಲ್ಲ. ಶ್ರೀಮಠಕ್ಕೆ ಬರುವ ಹಿರಿಯರ ಬಾಯಲ್ಲಿ ನಾವು ಹೆಚ್ಚಾಗಿ ಕೇಳುವ ಮಾತಿದು. ಮಕ್ಕಳು ಬೆಂಗಳೂರು, ಪುಣೆ ಸೇರಿರುತ್ತಾರೆ. ಹತ್ತು ಅಂಕಣದ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಹಗಲೆಲ್ಲ ಟಿ.ವಿ., ಇರುಳೆಲ್ಲ ನಿದ್ರೆಯಿಲ್ಲದ ಹೊರಳಾಟ. ಯಾವ ಮಂತ್ರ ಜಪಿಸೋಣ, ಯಾವ ಕ್ಷೇತ್ರಕ್ಕೆ ಹೋಗೋಣ ಎಂದು ಅವರು ಕೇಳುತ್ತಾರೆ. ಕ್ಷೇತ್ರದ ಮಾತು ಆಮೇಲೆ. ಮೊದಲು ನಿಮ್ಮ ಹೊಲದ ಬದುವಿನ ಬೇವಿನ ಗಿಡದ ಬುಡದಲ್ಲಿ ದಿನಕ್ಕೆ ಅರ್ಧ ತಾಸು ಸುಮ್ಮನೆ ಕುಳಿತು ಬನ್ನಿ ಎಂದು ನಾವು ಹೇಳುವುದುಂಟು.

ಈ ಮಾತಿಗೆ ಹಿರಿಯರೊಬ್ಬರು ನಮ್ಮನ್ನು ಸರಿಯಾಗಿಯೇ ಹಿಡಿದು ನಿಲ್ಲಿಸಿದರು. “ಅಲ್ರೀ ಅಜ್ಜಾರ, ಗಿಡಾ ಸುತ್ತೂದು ಲಿಂಗವಂತರಿಗೆ ಸಲ್ಲದು ಅಂತ ನಮ್ಮ ಹಿರ್ಯಾರು ಕಲಿಸ್ಯಾರ. ತಾವು ನೋಡಿದ್ರ ಗಿಡದ ಬುಡಕ್ಕ ಕುಂದರ್ರಿ ಅಂತೀರಿ. ಯಾವುದನ್ನ ಹಿಡೀಬೇಕ್ರಿ?”

ಪ್ರಶ್ನೆ ಸಣ್ಣದಲ್ಲ. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಅದನ್ನು ಮರೆತು ಅರಳಿಗೆ ನೂಲು ಸುತ್ತುವುದು, ಬೇವಿಗೆ ಹರಕೆ ಹೊರುವುದು ವೀರಶೈವ ಧರ್ಮಕ್ಕೆ ಒಪ್ಪಿತವಲ್ಲ. ಹುಟ್ಟಿ, ಬೆಳೆದು, ಒಂದು ದಿನ ಒಣಗುವ ವಸ್ತು ಪರವಸ್ತುವಾಗಲಾರದು. ಇದರಲ್ಲಿ ರಾಜಿಯಿಲ್ಲ. ಆದರೆ ಶರಣರು ಬೇಡವೆಂದದ್ದು ಗಿಡದ ಪೂಜೆಯನ್ನು, ಗಿಡದ ನೆರಳನ್ನಲ್ಲ. ಗಿಡದ ಮುಂದೆ ಬೇಡಿ ನಿಲ್ಲುವುದು ಬೇರೆ, ಗಿಡದ ಕೆಳಗೆ ಬೇಡಿಕೆ ಬಿಟ್ಟು ಕೂರುವುದು ಬೇರೆ.

ನಮ್ಮ ಗ್ರಂಥಗಳನ್ನೇ ನೋಡಿರಿ. ಸಿದ್ಧಾಂತ ಶಿಖಾಮಣಿಯ ಉಪದೇಶ ನಡೆದದ್ದು ಯಾವ ಅರಮನೆಯಲ್ಲೂ ಅಲ್ಲ. ಮಲಯ ಪರ್ವತದಲ್ಲಿ, ಅಗಸ್ತ್ಯ ಮಹರ್ಷಿಗಳ ಆಶ್ರಮದಲ್ಲಿ ಜಗದ್ಗುರು ರೇಣುಕರು ಏಕೋತ್ತರ ಶತಸ್ಥಲಗಳನ್ನು ಬೋಧಿಸಿದರು. ಇನ್ನು ಹರಿಹರನ ಪ್ರಭುದೇವರ ರಗಳೆಯ ಸಂದರ್ಭವನ್ನಂತೂ ನಾವು ಪುರಾಣ ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದರೂ ನಮಗೆ ಬೇಸರ ಬಂದಿಲ್ಲ. ಮದ್ದಳೆಯ ಅಲ್ಲಮ ತನ್ನ ಪ್ರೀತಿಯ ಕಾಮಲತೆಯನ್ನು ಕಳೆದುಕೊಂಡು, ದುಃಖದಿಂದ ದಿಕ್ಕುಗೆಟ್ಟು ಅಲೆಯುತ್ತಾನೆ. ಕೊನೆಗೆ ಬಂದು ಕೂರುವುದು ಒಂದು ವನದಲ್ಲಿ. ಅಲ್ಲಿ ಅವನಿಗೆ ಸಮಾಧಾನದ ಮಾತು ಹೇಳುವವರು ಯಾರೂ ಇಲ್ಲ. ಅವನು ತಲೆ ತಗ್ಗಿಸಿ, ಕಾಲಿನ ಉಗುರಿನಿಂದ ನೆಲ ಕೆದರುತ್ತಾ ಕುಳಿತಿದ್ದಾನೆ. ಆ ಕೆದರಿದ ಮಣ್ಣಿನಲ್ಲಿ ದೇಗುಲವೊಂದರ ಬಂಗಾರದ ಕಳಸ ಹೊಳೆಯುತ್ತದೆ. ಅಗೆದು ಒಳಹೊಕ್ಕರೆ ಅಲ್ಲಿ ಅನಿಮಿಷ ಯೋಗಿ. ಅವರ ಕರಸ್ಥಲದಿಂದ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಶೂನ್ಯಸಂಪಾದನೆಗಳಲ್ಲಿ ಇದು ಗೊಗ್ಗಯ್ಯನ ತೋಟವೆಂದು ಬರುತ್ತದೆ. ಸದ್ಭಕ್ತರು ಒಂದಂಶ ಗಮನಿಸಬೇಕು. ದುಃಖ ಬಂದಾಗ ಅಲ್ಲಮ ಜಾತ್ರೆಯ ಗದ್ದಲಕ್ಕೆ ಹೋಗಲಿಲ್ಲ. ಗಿಡಗಳ ನಡುವೆ ಸುಮ್ಮನೆ ಕುಳಿತಿದ್ದರಿಂದಲೇ ಕಾಲ ಕೆಳಗಿನದು ಕಣ್ಣಿಗೆ ಬಿತ್ತು.

ಹಾಗಾದರೆ ಕೂರುವುದು ಹೇಗೆ? ಮುಂಜಾನೆ ಶಿವಪೂಜೆ ಮುಗಿಸಿ, ಬಿಸಿಲೇರುವ ಮೊದಲು ಹೋಗಿರಿ. ಮೊಬೈಲು ಮನೆಯಲ್ಲಿರಲಿ. ಇದು ಕಷ್ಟವೆಂದು ನಮಗೂ ಗೊತ್ತು, ಈಗೀಗ ಮಠದ ಪ್ರವಚನದಲ್ಲೇ ಅದು ಕೂಗುತ್ತದೆ! ನೆಲಕ್ಕೆ ಕೂರಲಾಗದ ಮೊಣಕಾಲು ನೋವಿನವರು ಕಟ್ಟೆಯ ಮೇಲೋ ಕಲ್ಲಿನ ಮೇಲೋ ಕೂರಬಹುದು. ಬೆನ್ನು ನೆಟ್ಟಗಿರಲಿ. ಮೊದಲು ಉಸಿರು ತಾನಾಗಿ ಇಳಿಯಲು ಬಿಡಿರಿ. ಆಮೇಲೆ ಒಂದು ಟೊಂಗೆಯನ್ನೋ ಒಂದು ಎಲೆಯನ್ನೋ ಎವೆಯಿಕ್ಕುವ ಆತುರವಿಲ್ಲದೆ ನೋಡಿರಿ. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ರೂಢಿಯಿರುವ ಲಿಂಗಧಾರಿಗಳಿಗೆ ಇದು ಹೊಸ ವಿದ್ಯೆಯಲ್ಲ. ಹಕ್ಕಿಯ ದನಿ, ಎಲೆಯ ಸದ್ದು ಕಿವಿಗೆ ಬೀಳಲಿ. ಮಗನ ಸಾಲ, ಸೊಸೆಯ ಮಾತು, ಹೊಲದ ವ್ಯಾಜ್ಯ ನೆನಪಿಗೆ ಬಂದೇ ಬರುತ್ತವೆ. ಅವುಗಳೊಡನೆ ಜಗಳಕ್ಕೆ ನಿಲ್ಲದೆ ಮತ್ತೆ ಎಲೆಯತ್ತ ತಿರುಗಿರಿ. ಮನಸ್ಸು ತುಸು ತಣ್ಣಗಾದ ಮೇಲೆ ಷಡಕ್ಷರಿ ಮಂತ್ರವನ್ನು ಒಳಗೊಳಗೇ ನಡೆಸಿರಿ. ಗದ್ದಲದ ಮನೆಯಲ್ಲಿ ನೂರೆಂಟು ಎಣಿಸುವುದಕ್ಕಿಂತ ಇಲ್ಲಿ ಹತ್ತು ಜಪ ಆಳಕ್ಕೆ ಇಳಿಯುತ್ತದೆ ಎಂಬುದು ನಮ್ಮ ಅನುಭವ.

ಹೊರಗಿನವರೂ ಇದನ್ನು ಕಂಡುಕೊಂಡಿದ್ದಾರೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’ ಎಂಬ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಅರಣ್ಯಸ್ನಾನ ಎಂದು ಅದರ ಅರ್ಥ. ಭಸ್ಮಸ್ನಾನ ಬಲ್ಲ ನಮಗೆ ನೀರಿಲ್ಲದ ಸ್ನಾನ ವಿಚಿತ್ರವೆನಿಸದು. ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಅಧ್ಯಯನವೂ ಉಂಟು. ಒಂದೇ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ನೋಡಿದರು. ಕಿಟಕಿಯಾಚೆ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ನೋವಿನ ಬಲವಾದ ಔಷಧಿಯನ್ನೂ ಕಡಿಮೆ ಬೇಡಿದರು. ಹಾಗೆಂದು ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಗಿಡದ ಕೆಳಗೆ ಕೂರಬಾರದು. ಗುಳಿಗೆ ನುಂಗಿಯೇ ಕೂರಿರಿ.

ತಗಡಿನ ನೆರಳಿಗೂ ಗಿಡದ ನೆರಳಿಗೂ ಇರುವ ಅಂತರ ರೈತನಿಗೆ ಹೇಳಬೇಕಾಗಿಲ್ಲ. ತಗಡು ಕಾದು ಆ ಕಾವನ್ನು ನಮ್ಮ ತಲೆಯ ಮೇಲೆ ಸುರಿಯುತ್ತದೆ. ಗಿಡ ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿ ಮಾಡಿ ಸುತ್ತಲ ಗಾಳಿಯನ್ನು ತಂಪಾಗಿಸುತ್ತದೆ. ಅಂಥ ಗಿಡಕ್ಕೆ ನಾವು ಮಾಡುವುದೇನು? ಕಟ್ಟೆ ಚೆಂದ ಕಾಣಲೆಂದು ಬೊಡ್ಡೆಯವರೆಗೂ ಸಿಮೆಂಟು ಬಳಿದು, ಬೇರಿಗೆ ಹನಿ ನೀರಿಳಿಯದಂತೆ ಮಾಡುತ್ತೇವೆ. ಕಟ್ಟೆಯ ಮೇಲೆ ದಾನಿಗಳ ಹೆಸರಿನ ಕಲ್ಲು, ಒಳಗೆ ಉಸಿರುಗಟ್ಟಿದ ಬೇರು. ಬುಡದ ಸುತ್ತ ನಾಲ್ಕು ಮೊಳವಾದರೂ ಮಣ್ಣು ಬಿಡಿರಿ. ಕೂರಲು ಗಿಡವೇ ಉಳಿಯದ ಊರಿನವರು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯಬೇಕು. ಮಕ್ಕಳಿಲ್ಲದ ಆ ತಾಯಿ ಪತಿಯೊಡನೆ ಕೂಡಿ, ಕುದೂರಿನ ದಾರಿಗುಂಟ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ಇನ್ನು ಕ್ಷೇತ್ರದ ಮಾತು. ಯುಗಾದಿಗೆ ಮುನ್ನ ನಮ್ಮ ಭಾಗದ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರು, ವೆಂಕಟಾಪುರ ದಾಟಿದ ಮೇಲೆ ನಲ್ಲಮಲದ ಕಾಡು. ನಾಗಲೂಟಿ, ಪೆಚ್ಚೆರವು, ಆಮೇಲೆ ಎದೆಯೆತ್ತರದ ಏರಿನ ಭೀಮನ ಕೊಳ್ಳ. ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತಾ ಬಂದು, ಕದಳಿಯಲ್ಲಿ ಐಕ್ಯಳಾದ ಸೀಮೆಯಿದು. ಗಿಳಿ, ಕೋಗಿಲೆ, ತುಂಬಿಗಳನ್ನೇ ನಿಲ್ಲಿಸಿ ಅಕ್ಕ ತನ್ನ ದೇವನ ಸುದ್ದಿ ಕೇಳಿದಳು. ಕೇಳುವುದಕ್ಕೆ ಕಿವಿ ಬಿಡುವಾಗಿರಬೇಕಲ್ಲವೆ? ಈಗ ಅದೇ ದಾರಿಯಲ್ಲಿ ಧ್ವನಿಪೆಟ್ಟಿಗೆ ಹೊತ್ತು, ಹಾಡು ಹಚ್ಚಿಕೊಂಡು ಸಾಗುವವರಿದ್ದಾರೆ. ಅವರ ಭಕ್ತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಅಷ್ಟು ದೂರ ನಡೆದು, ಕಾಡನ್ನು ಹೊಕ್ಕು, ಕಾಡಿನ ದನಿ ಕೇಳದೆ ಹೊರಬರುವುದು ನಷ್ಟವೇ ಸರಿ. ಹುಲಿಗಳಿಗಾಗಿ ಕಾದಿರಿಸಿದ ಅರಣ್ಯವೂ ಅದು.

ಆದ್ದರಿಂದ ಶ್ರೀಮಠದ ಭಕ್ತರಲ್ಲಿ ನಮ್ಮದೊಂದು ಕೇಳಿಕೆ. ವೆಂಕಟಾಪುರದವರೆಗೆ ಭಜನೆ ಮಾಡಿರಿ, ಜಯಘೋಷ ಹಾಕಿರಿ. ಕಾಡು ಹೊಕ್ಕ ಮೇಲೆ ಮೌನವಾಗಿ, ಷಡಕ್ಷರಿಯನ್ನು ಹೆಜ್ಜೆಗೆ ಕೂಡಿಸಿ, ಗುಂಪು ಬಿಡದೆ ನಡೆಯಿರಿ. ನೀರಿನ ಬಾಟಲಿ, ಪ್ರಸಾದದ ತಟ್ಟೆ ಚೀಲದಲ್ಲೇ ಮರಳಿ ಬರಲಿ. ದಣಿದಾಗ ಗಿಡದ ಕೆಳಗೆ ಕೂರಿರಿ, ಮೋಡ ಕಟ್ಟಿ ಗುಡುಗಿತೆಂದರೆ ಮಾತ್ರ ಒಂಟಿ ಗಿಡದ ಕೆಳಗೆ ನಿಲ್ಲಬೇಡಿರಿ. ಅಡ್ಡಮಳೆಯ ಸಿಡಿಲಿಗೆ ಪ್ರತಿ ವರ್ಷ ಕುರಿಗಾಹಿಗಳು, ರೈತರು ಬಲಿಯಾಗುತ್ತಿರುವುದನ್ನು ಕಾಣುತ್ತಿದ್ದೇವೆ. ನಡೆಯಲಾಗದ ಹಿರಿಯರು ಊರಲ್ಲೇ ಇರಲಿ, ಅವರಿಗೆ ಬದುವಿನ ಬೇವು ಇದ್ದೇ ಇದೆ.