ಹಿಮಕ್ಕಲ್ಲ, ನೀರಿಗೆ ಹೆದರುವ ಉಗಿಬಂಡಿ

ಉಗಿಬಂಡಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಊಟಿ ರೈಲು. ಇಲ್ಲಾಂದ್ರೆ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಬಣ್ಣ ಬಳಿದು ನಿಲ್ಲಿಸಿರೋ ಇಂಜಿನ್‌ಗಳು. ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನಲ್ಲಿ ಕಥೆ ಬೇರೆ. ಅಲ್ಲಿ 1950ರ ದಶಕದ ಉಗಿ ಇಂಜಿನ್‌ಗಳು ಇವತ್ತಿಗೂ ಟೈಮ್‌ಟೇಬಲ್ ಪ್ರಕಾರ ಪ್ರವಾಸಿಗರನ್ನು ಹೊತ್ತು ಬ್ರಾಕೆನ್ ಅನ್ನೋ ಬೆಟ್ಟದ ತುದಿಗೆ ಹತ್ತುತ್ತವೆ. ಬೇಸಿಗೆಯಲ್ಲಷ್ಟೇ ಅಲ್ಲ, ಕ್ರಿಸ್‌ಮಸ್ ರಜೆಯಲ್ಲೂ. ಆಗ ಮೇಲೆ ಹಿಮ ಕಿಟಕಿಯ ಎತ್ತರಕ್ಕೆ ರಾಶಿ ಬಿದ್ದಿರಬಹುದು.

ಬ್ರಾಕೆನ್ ಎತ್ತರ 1141 ಮೀಟರ್. ನಮ್ಮ ಮುಳ್ಳಯ್ಯನಗಿರಿ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಸುತ್ತ ದೂರದವರೆಗೆ ಇದಕ್ಕಿಂತ ಎತ್ತರದ್ದು ಇಲ್ಲದ ಕಾರಣ ಗಾಳಿಯೆಲ್ಲ ನೇರ ಬಂದು ಇದಕ್ಕೇ ಬಡಿಯುತ್ತೆ. 1984ರ ನವೆಂಬರ್‌ನಲ್ಲಿ ತುದಿಯಲ್ಲಿ ಗಂಟೆಗೆ 263 ಕಿ.ಮೀ. ವೇಗದ ಗಾಳಿ ದಾಖಲಾಗಿದೆ. 1970ರ ಏಪ್ರಿಲ್‌ನಲ್ಲಿ ಹಿಮದ ಆಳ 3.8 ಮೀಟರ್ ಇತ್ತು. ಕವಿ ಗಯಟೆ 1777ರ ಡಿಸೆಂಬರ್‌ನಲ್ಲಿ ಇದೇ ಹಿಮದಲ್ಲಿ ನಡೆದು ಹತ್ತಿದ್ದ. ದಾರಿಯಲ್ಲಿ ರೈಲುಗಳು ಒಂದಕ್ಕೊಂದು ದಾಟುವ ಒಂದು ಪುಟ್ಟ ನಿಲ್ದಾಣಕ್ಕೆ ಅವನ ಹೆಸರೇ ಇದೆ.

ರೈಲು ಮಾರ್ಗ ತುದಿ ಮುಟ್ಟಿದ್ದು 19ನೇ ಶತಮಾನದ ಕೊನೆಗೆ. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಗಡಿಯಂಚಿನ ಈ ಬೆಟ್ಟ ಸೇನೆಯ ವಶವಾಯ್ತು, ಜನಸಾಮಾನ್ಯರಿಗೆ ಬಾಗಿಲು ಮುಚ್ಚಿತು. ಎರಡು ಜರ್ಮನಿಗಳು ಒಂದಾದ ಮೇಲೆ, 1991ರಲ್ಲಿ, ಉಗಿಬಂಡಿ ಮತ್ತೆ ಮೇಲೆ ಹೋಯ್ತು. ಇನ್ನೊಂದು ವಿಷಯ: ಅಲ್ಲಿನ ಹಳಿಗಳ ಅಂತರ ಸರಿಯಾಗಿ 1 ಮೀಟರ್. ನಮ್ಮ ಅಜ್ಜ ಅಜ್ಜಿಯರು ಬೆಂಗಳೂರು-ಮೈಸೂರು ಓಡಾಡಿದ್ದೂ ಮೀಟರ್ ಗೇಜ್‌ನಲ್ಲೇ.

ಈಗ ಪ್ರಶ್ನೆ. ರಜಾದಿನ, ಟಿಕೆಟ್ ತಗೊಂಡು ಮಕ್ಕಳ ಸಮೇತ ಜನ ಬಂದಿದ್ದಾರೆ. ರಾತ್ರಿಯಿಡೀ ಹಿಮ ಬಿದ್ದಿದೆ. ಬಂಡಿ ಬಿಡಬೇಕೋ ಬೇಡವೋ? ತುದಿಗೆ ಹೋಗೋ ರಸ್ತೆಯಲ್ಲಿ ಸಾರ್ವಜನಿಕ ವಾಹನ ಓಡಾಟ ಇಲ್ಲ. ಮೇಲೆ ಕರೆದೊಯ್ದ ಜನರನ್ನು ಕೆಳಗಿಳಿಸೋ ಜವಾಬ್ದಾರಿ ರೈಲಿನದೇ. ಹಾಗಾಗಿ ಹವಾಮಾನ ತೀರಾ ಕೆಟ್ಟಾಗ ಬಂಡಿ ಅರ್ಧ ದಾರಿಯ ಶೀರ್ಕೆ ನಿಲ್ದಾಣದಲ್ಲೇ ನಿಲ್ಲುತ್ತೆ. ಈ ನಿರ್ಧಾರದ ಹಿಂದೆ ಏನೇನು ಲೆಕ್ಕ ಇರುತ್ತೆ ಅನ್ನೋದೇ ಈ ಬರಹ.

ಮೊದಲು ಏರು. ಶೀರ್ಕೆಯಿಂದ ತುದಿಯ ನಿಲ್ದಾಣಕ್ಕೆ ಸುಮಾರು 13 ಕಿ.ಮೀ.ಗೂ ಸ್ವಲ್ಪ ಹೆಚ್ಚು ದಾರಿ, ಅಷ್ಟರಲ್ಲಿ ಹತ್ತಿರ ಹತ್ತಿರ 440 ಮೀಟರ್ ಹತ್ತಬೇಕು. ಅಂದ್ರೆ ಬಹುತೇಕ ದಾರಿಯುದ್ದಕ್ಕೂ 30ಕ್ಕೆ 1ರ ಏರು. ಸಕಲೇಶಪುರ-ಸುಬ್ರಹ್ಮಣ್ಯ ಘಾಟ್ 50ಕ್ಕೆ 1. ಊಟಿ ರೈಲು 12ಕ್ಕೆ 1ರ ಏರು ಹತ್ತುತ್ತೆ ನಿಜ, ಆದರೆ ಅದಕ್ಕೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತೆ. ಬ್ರಾಕೆನ್‌ನಲ್ಲಿ ಅಂಥದ್ದೇನೂ ಇಲ್ಲ. ಉಕ್ಕಿನ ಚಕ್ರ, ಉಕ್ಕಿನ ಹಳಿ, ನಡುವೆ ಬರೀ ಘರ್ಷಣೆ.

ಫಸ್ಟ್ ಸೆಮ್ ಮೆಕ್ಯಾನಿಕ್ಸ್ ಸಾಕು, ಲೆಕ್ಕ ಹಾಕೋಣ. ಇಲ್ಲಿನ ದೊಡ್ಡ ಇಂಜಿನ್‌ಗೆ ಐದು ಜೋಡಿ ಚಾಲಕ ಚಕ್ರಗಳಿವೆ, ಒಂದೊಂದು ಜೋಡಿಯ ಮೇಲೆ ಸುಮಾರು 10 ಟನ್ ಭಾರ. ಇಂಜಿನ್, ಬೋಗಿ, ಜನ ಎಲ್ಲ ಸೇರಿ ಬಂಡಿ 180 ಟನ್ ಅಂತ ನಾವು ಇಟ್ಟುಕೊಂಡಿದ್ದೇವೆ. 30ಕ್ಕೆ 1ರ ಏರಿಗೆ ಗುರುತ್ವವನ್ನು ಮೀರಲು 59 ಕಿಲೋನ್ಯೂಟನ್ ಬೇಕು. ತಿರುವುಗಳ ತಡೆ, ಉರುಳುವ ತಡೆ ಸೇರಿಸಿದ್ರೆ ಸುಮಾರು 73. ಹಳಿ ಒಣಗಿದ್ದು ಘರ್ಷಣೆ ಗುಣಾಂಕ 0.25 ಇದ್ದರೆ ಚಕ್ರಗಳಿಗೆ ಸಿಗೋ ಹಿಡಿತ 122 ಕಿಲೋನ್ಯೂಟನ್. ಆರಾಮ. ಹಳಿಯ ಮೇಲೆ ತೆಳುವಾದ ಮಂಜುಗಡ್ಡೆ ಕೂತು ಗುಣಾಂಕ 0.1ಕ್ಕೆ ಇಳಿದರೆ? ಹಿಡಿತ 49. ಬೇಕಾಗಿರೋದು 73. ಇಂಜಿನ್‌ನಲ್ಲಿ ಎಷ್ಟೇ ಉಗಿ ಇರಲಿ, ಚಕ್ರ ನಿಂತಲ್ಲೇ ತಿರುಗುತ್ತೆ, ಬಂಡಿ ಕದಲಲ್ಲ.

ಇದಕ್ಕೆ ಪರಿಹಾರ ತುಂಬಾ ಹಳೇದು, ಮರಳು. ಚಕ್ರದ ಮುಂದೆ ಹಳಿ ಮೇಲೆ ಸಣ್ಣ ಪೈಪಿನಿಂದ ಮರಳು ಉದುರಿಸ್ತಾರೆ. ಆದರೆ ಒದ್ದೆ ಮರಳು ಪೈಪಿನಲ್ಲೇ ಕಟ್ಟಿಕೊಳ್ಳುತ್ತೆ. ಉಗಿ ಇಂಜಿನ್‌ಗಳ ಬೆನ್ನಿನ ಮೇಲೆ ಗುಮ್ಮಟದ ಹಾಗೆ ಕಾಣೋ ಉಬ್ಬುಗಳಲ್ಲಿ ಒಂದು ಮರಳಿನ ಡಬ್ಬ. ಅದನ್ನು ಬಾಯ್ಲರ್ ಮೇಲೆ ಕೂರಿಸಿರೋದು ಚಂದಕ್ಕಲ್ಲ, ಕೆಳಗಿನ ಶಾಖಕ್ಕೆ ಮರಳು ಸದಾ ಒಣಗಿರಲಿ ಅಂತ. ಇಂಥ ಡಿಸೈನ್ ನೋಡಿದಾಗ ನಮಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ, ನಿಜ ಹೇಳ್ಬೇಕಂದ್ರೆ.

ಇನ್ನು ಬಿದ್ದ ಹಿಮ. ಎಷ್ಟು ಆಳ ಬಿದ್ದಿದೆ ಅನ್ನೋದಕ್ಕಿಂತ ಎಂಥ ಹಿಮ ಅನ್ನೋದು ಮುಖ್ಯ. ಆಗಷ್ಟೇ ಬಿದ್ದ ಹಿಮ ಹತ್ತಿಯ ಹಾಗೆ, ಒಂದು ಘನ ಮೀಟರ್ 100 ಕೆ.ಜಿ.ಗಿಂತ ಕಡಿಮೆ ತೂಗಬಹುದು. ಅದೇ ಹಿಮವನ್ನು ಗಾಳಿ ಎತ್ತಿ ತಂದು ಬೆಟ್ಟ ಕಡಿದ ಓಣಿಯಂಥ ಜಾಗದಲ್ಲಿ ತುಂಬಿದರೆ ಹರಳು ಪುಡಿಯಾಗಿ, ಒತ್ತಿಕೊಂಡು, 300-400 ಕೆ.ಜಿ. ಆಗುತ್ತೆ, ಮೇಲೆ ನಡೆದರೂ ಕಾಲು ಹೂತುಹೋಗಲ್ಲ. ಅರ್ಧ ಮೀಟರ್ ಹತ್ತಿಯನ್ನು ಪ್ಲೋ ಸಲೀಸಾಗಿ ಸರಿಸುತ್ತೆ, ಎರಡು ಮೀಟರ್ ಗಟ್ಟಿ ಗೋಡೆಯನ್ನಲ್ಲ. ಸಮಸ್ಯೆ ಏನಂದ್ರೆ ಬೆಳಗ್ಗೆ ಪ್ಲೋ ಓಡಿಸಿ ದಾರಿ ಬಿಡಿಸಿದರೂ ಗಾಳಿ ನಿಂತಿಲ್ಲ ಅಂದ್ರೆ ಬಂಡಿ ಮೇಲೆ ಹೋಗಿ ತಿರುಗಿ ಬರೋಷ್ಟರಲ್ಲಿ ಅದೇ ಓಣಿ ಮತ್ತೆ ತುಂಬಿರುತ್ತೆ. ಹಾಗಾಗಿ ಬಂಡಿ ಬಿಡೋದಕ್ಕೆ ಮುಂಚೆ ಹಿಮದ ಅಳತೆಗಿಂತ ಗಾಳಿಯ ಅಳತೆ ನೋಡೋದು ಜಾಣತನ.

ಆದರೆ ಉಗಿ ಇಂಜಿನ್‌ನ ನಿಜವಾದ ಶತ್ರು ಹೊರಗಿನ ಹಿಮ ಅಲ್ಲ, ಒಳಗಿನ ನೀರು. ಡೀಸೆಲ್ ಇಂಜಿನ್‌ಗೆ ಕೂಲಿಂಗ್ ನೀರಿಗೆ ಆಂಟಿಫ್ರೀಜ್ ಬೆರೆಸಿದರೆ ಆಯ್ತು. ಬಾಯ್ಲರ್‌ಗೆ ಹೋಗೋ ನೀರಿಗೆ ಏನು ಬೆರೆಸ್ತೀರಿ? ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತೆ, ಪೈಪು ಸೀಳುತ್ತೆ. ಬಾಯ್ಲರ್ ಒಳಗೆ ಕೆಂಡದ ಬಿಸಿ ಇರಬಹುದು, ಆದರೆ ಅದಕ್ಕೆ ನೀರು ಕೊಡೋ ಪೈಪುಗಳು ಹೊರಗಿನ ಮೈನಸ್ 10 ಡಿಗ್ರಿ ಗಾಳಿಗೆ ಮೈಯೊಡ್ಡಿ ಕೂತಿರುತ್ತವೆ. ಬಾಯ್ಲರ್‌ಗೆ ನೀರು ತಳ್ಳೋದು ಇಂಜೆಕ್ಟರ್, ಓಡೋ ಭಾಗ ಒಂದೂ ಇಲ್ಲದೆ ಉಗಿಯ ವೇಗದಿಂದಲೇ ನೀರನ್ನು ನುಗ್ಗಿಸೋ ಸಾಧನ. ಅದರ ಪೈಪು ಹೆಪ್ಪುಗಟ್ಟಿ ನೀರು ನಿಂತರೆ ಬಾಯ್ಲರ್‌ನ ಮಟ್ಟ ಇಳಿಯುತ್ತೆ, ಬೆಂಕಿಗೂಡಿನ ಮೇಲ್ಛಾವಣಿ ಬರಿದಾಗುತ್ತೆ. ಆಮೇಲೆ ಅದು ಮೆತ್ತಗಾಗಿ ಒತ್ತಡಕ್ಕೆ ಬಾಗಿ ಒಡೆಯೋ ಅಪಾಯ. ಉಗಿಬಂಡಿಗಳ ಚರಿತ್ರೆಯ ಭೀಕರ ಸ್ಫೋಟಗಳಲ್ಲಿ ಬಹಳಷ್ಟು ಆಗಿರೋದು ಹೀಗೇ.

ಹಾಗಾದ್ರೆ ನೀರನ್ನು ಬಿಸಿ ಇಟ್ಟರಾಯ್ತಲ್ಲ? ಇಡ್ತಾರೆ, ಇಂಜೆಕ್ಟರ್ ಮೂಲಕವೇ ಉಗಿಯನ್ನು ಹಿಂದಕ್ಕೆ ಟ್ಯಾಂಕಿಗೆ ಬಿಟ್ಟು ಬೆಚ್ಚಗೆ ಮಾಡ್ತಾರೆ. ಆದರೆ ಅತಿಯಾದರೆ ಕೆಲಸ ಕೆಡುತ್ತೆ. ಉಗಿ ತಣ್ಣೀರಿಗೆ ತಾಗಿ ತಕ್ಷಣ ನೀರಾದರಷ್ಟೇ ಇಂಜೆಕ್ಟರ್ ಕೆಲಸ ಮಾಡೋದು. ಟ್ಯಾಂಕಿನ ನೀರು ಬಹಳ ಬಿಸಿಯಾದರೆ ಅದು ಕೈಕೊಡುತ್ತೆ. ಹೆಪ್ಪುಗಟ್ಟಬಾರದು, ಬಿಸಿಯೂ ಹೆಚ್ಚಾಗಬಾರದು. ಈ ನಡುವಿನ ಜಾಗವನ್ನು ಯಾವ ಸೆನ್ಸರೂ ಇಲ್ಲದೆ ಫೈರ್‌ಮನ್ ಟ್ಯಾಂಕಿಗೆ ಕೈ ಇಟ್ಟು, ಇಂಜೆಕ್ಟರ್‌ನ ಸದ್ದು ಕೇಳಿ ಕಾಪಾಡಿಕೊಳ್ತಾನೆ.

ಸಿಲಿಂಡರ್ ವಿಷಯನೂ ಹೀಗೇ. ತಣ್ಣಗಿನ ಸಿಲಿಂಡರ್‌ಗೆ ಉಗಿ ಬಿಟ್ಟರೆ ಅದು ನೀರಾಗಿ ತಳದಲ್ಲಿ ನಿಲ್ಲುತ್ತೆ. ನೀರನ್ನು ಒತ್ತಿ ಕುಗ್ಗಿಸೋಕಾಗಲ್ಲ ಅಂತ ನಮಗೆಲ್ಲ ಗೊತ್ತು. ಪಿಸ್ಟನ್ ಬಂದು ಗುದ್ದಿದರೆ ಸಿಲಿಂಡರ್‌ನ ಮುಚ್ಚಳವೇ ಹಾರಿಹೋಗಬಹುದು. ಬಂಡಿ ಹೊರಡುವಾಗ ಎರಡೂ ಬದಿಗೆ ಬುಸ್ ಅಂತ ಬಿಳಿ ಉಗಿ ಚಿಮ್ಮೋದನ್ನು ವಿಡಿಯೋಗಳಲ್ಲಿ ನೋಡಿರ್ತೀರಿ. ಅದು ಗತ್ತು ತೋರಿಸೋಕಲ್ಲ, ಸಿಲಿಂಡರ್‌ನ ತಳದ ನಲ್ಲಿ ತೆರೆದು ನೀರು ಹೊರಹಾಕ್ತಿರೋದು. ಚಳಿಗಾಲದಲ್ಲಿ ಇದನ್ನು ಬೇಸಿಗೆಗಿಂತ ಹೆಚ್ಚು ಹೊತ್ತು ಮಾಡಬೇಕು. ಇದರ ಜೊತೆಗೆ ಬೂದಿಪೆಟ್ಟಿಗೆಯ ಕಾಟ: ಬೆಂಕಿಗೆ ಗಾಳಿ ಬರೋದು ಕೆಳಗಿನ ಆ ಪೆಟ್ಟಿಗೆಯ ಬಾಯಿಂದ, ಅದರೊಳಗೆ ಹಿಮ ತುಂಬಿದರೆ ಬೆಂಕಿಯ ಉಸಿರು ಕಟ್ಟುತ್ತೆ.

ಇಷ್ಟೆಲ್ಲ ದಾಟಿ ಬಂಡಿ ತುದಿ ಮುಟ್ಟಿತು ಅನ್ನಿ. ಅಲ್ಲಿ ಹಳಿ ಮುಗಿಯುತ್ತೆ. ಹತ್ತುವಾಗ ಇಂಜಿನ್ ಮೇಲ್ತುದಿಯಲ್ಲಿತ್ತು, ಇಳಿಯುವಾಗ ಕೆಳತುದಿಯಲ್ಲಿರಬೇಕು. ಬೋಗಿಗಳನ್ನು ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಬಂದು ಇನ್ನೊಂದು ತುದಿಗೆ ಸೇರಿಕೊಳ್ಳಬೇಕು. ಇದಕ್ಕೆ ಎರಡೂ ಕಡೆಯ ಪಾಯಿಂಟ್ಸ್, ಅಂದ್ರೆ ಹಳಿ ಕವಲೊಡೆಯೋ ಜಾಗ, ಸರಿಯಾಗಿ ಸರಿಯಬೇಕು. ಸರಿಯೋ ಹಳಿಗೂ ಪಕ್ಕದ ಹಳಿಗೂ ನಡುವೆ ಒಂದು ಮುಷ್ಟಿ ಹಿಮ ಸಿಕ್ಕಿ ಗಟ್ಟಿಯಾದರೂ ಅದು ಪೂರ್ತಿ ಮುಚ್ಚಿಕೊಳ್ಳಲ್ಲ, ಅದರ ಮೇಲೆ ಇಂಜಿನ್ ಓಡಿಸಿದ್ರೆ ಹಳಿ ತಪ್ಪುತ್ತೆ. 60 ಟನ್ ಇಂಜಿನ್, ನೂರಾರು ಪ್ರವಾಸಿಗರು, ಎಲ್ಲರೂ ಒಂದು ಮುಷ್ಟಿ ಹಿಮಕ್ಕೆ ಕಾಯಬೇಕು. ಅದಕ್ಕೆ ಮದ್ದು ಹೀಟರ್, ಇಲ್ಲವೇ ಪೊರಕೆ ಹಿಡಿದ ಒಬ್ಬ ಮನುಷ್ಯ. ಹತ್ತುವ ಬಂಡಿಯ ಫೋಟೋ ಎಲ್ಲರೂ ಹಾಕ್ತಾರೆ, ಈ ಪೊರಕೆಯವನ ಫೋಟೋ ನಮಗಂತೂ ಸಿಕ್ಕಿಲ್ಲ.

ಇಳಿಯೋದು ಹತ್ತೋದಕ್ಕಿಂತ ಸೂಕ್ಷ್ಮ. ನಮ್ಮ 180 ಟನ್ ಬಂಡಿ 440 ಮೀಟರ್ ಇಳಿದರೆ ಬಿಡುಗಡೆಯಾಗೋ ಸ್ಥಿತಿಶಕ್ತಿ ಹತ್ತಿರ ಹತ್ತಿರ 780 ಮೆಗಾಜೂಲ್, ಎರಡು ಟನ್‌ಗೂ ಹೆಚ್ಚು ಮಂಜುಗಡ್ಡೆ ಕರಗಿಸುವಷ್ಟು. ತಿರುವು, ಗಾಳಿ ಒಂದಷ್ಟು ತಿಂದರೂ ಉಳಿದದ್ದನ್ನೆಲ್ಲ ಬ್ರೇಕು ಜೀರ್ಣಿಸಿಕೊಳ್ಳಬೇಕು. ಹಾರಿಬಂದ ಹಿಮ ಬ್ರೇಕ್ ಬ್ಲಾಕ್ ಮತ್ತು ಚಕ್ರದ ನಡುವೆ ಕೂತು ಮಂಜುಗಡ್ಡೆ ಪದರವಾದರೆ ಬ್ರೇಕ್ ಹಾಕಿದ ಮೊದಲ ಕೆಲವು ಕ್ಷಣ ಏನೂ ಹಿಡಿಯಲ್ಲ. 30ಕ್ಕೆ 1ರ ಇಳಿಜಾರಿನಲ್ಲಿ ಆ ಕೆಲವು ಕ್ಷಣ ಬಹಳ ದುಬಾರಿ. ಅದಕ್ಕೇ ಹಿಮದಲ್ಲಿ ಡ್ರೈವರ್‌ಗಳು ಅಗತ್ಯ ಇಲ್ಲದಾಗಲೂ ಆಗಾಗ ಹಗುರಾಗಿ ಬ್ರೇಕ್ ಒತ್ತಿ ಬ್ಲಾಕ್‌ಗಳನ್ನು ಬೆಚ್ಚಗೆ ಇಟ್ಟುಕೊಳ್ತಾರೆ.

ಬಂಡಿ ನಡುವೆ ಸಿಕ್ಕಿಹಾಕಿಕೊಂಡರೆ? 1952ರ ಜನವರಿಯಲ್ಲಿ ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ‘ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ’ ಅನ್ನೋ ಐಷಾರಾಮಿ ಡೀಸೆಲ್ ರೈಲು ಹಿಮದಲ್ಲಿ ಹೂತು, 200ಕ್ಕೂ ಹೆಚ್ಚು ಜನ ಸುಮಾರು ಮೂರು ದಿನ ಅದರೊಳಗೇ ಕಳೆದರು. ಕೊನೆಗೆ ಬೋಗಿ ಬಿಸಿ ಮಾಡುವ ವ್ಯವಸ್ಥೆಯೂ ನಿಂತಿತ್ತು. ಉಗಿಬಂಡಿಯಲ್ಲಿ ಬೋಗಿಗಳನ್ನು ಇಂಜಿನ್‌ನ ಉಗಿಯಿಂದಲೇ ಬಿಸಿ ಮಾಡಬಹುದು, ಕಲ್ಲಿದ್ದಲು ನೀರು ಇರೋವರೆಗೆ ಜನ ಬೆಚ್ಚಗಿರ್ತಾರೆ. ಆದರೆ ಬಿಸಿಗೆ ಹೋದ ಉಗಿ ಎಳೆತಕ್ಕೆ ಸಿಗಲ್ಲ. ಕೊರೆಯೋ ಚಳಿಯಲ್ಲಿ ಏರು ಹತ್ತುವಾಗ ಫೈರ್‌ಮನ್ ಬೇಸಿಗೆಗಿಂತ ಹೆಚ್ಚು ಕಲ್ಲಿದ್ದಲು ಎಸೆಯೋದು ಇದಕ್ಕೂ ಸೇರಿಯೇ.

ಇಷ್ಟು ರಗಳೆ ಯಾಕೆ, ಡೀಸೆಲ್ ಹಾಕಬಾರದಾ ಅಂತ ಕೇಳ್ಬಹುದು. ಅವರ ಬಳಿ ಡೀಸೆಲ್ ಇಂಜಿನ್‌ಗಳೂ ಇವೆ. ಆದರೆ ಜನ ದುಡ್ಡು ಕೊಟ್ಟು ಬರೋದು ಬೆಟ್ಟದ ತುದಿಗಲ್ಲ, ಹೊಗೆಗೆ. ಅದರಲ್ಲೂ ಚಳಿಗಾಲದ ಹೊಗೆಗೆ. ತಣ್ಣನೆ ಗಾಳಿ ಹಿಡಿದಿಟ್ಟುಕೊಳ್ಳೋ ನೀರಾವಿ ಬಹಳ ಕಡಿಮೆ, ಹಾಗಾಗಿ ಚಿಮಣಿಯಿಂದ ಬಂದ ಉಗಿ ತಕ್ಷಣ ಹನಿಯಾಗಿ, ಬೇಸಿಗೆಯಲ್ಲಿ ಕಾಣದಂಥ ದಪ್ಪ ಬಿಳಿ ಮೋಡ ಏಳುತ್ತೆ. ಫೋಟೋಗೆ ಇದಕ್ಕಿಂತ ಬೇರೆ ಬೇಕಾ? ತಮಾಷೆ ಅಂದ್ರೆ ಡ್ರೈವರ್‌ಗೆ ಮುಂದಿನ ದಾರಿ ಮರೆಮಾಡೋದೂ ಅದೇ ಮೋಡ.

ಸಂಜೆ ಕೊನೆಯ ಬಂಡಿ ಕೆಳಗಿನ ವೆರ್ನಿಗೆರೋಡೆ ಸೇರಿ ಜನ ಇಳಿದು ಹೋದ ಮೇಲೂ ಇಂಜಿನ್‌ನ ಕೆಲಸ ಮುಗಿಯಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಬಿಸಿಯಾಗೋಕೆ ಗಂಟೆಗಟ್ಟಲೆ ಬೇಕು, ಆತುರಪಟ್ಟರೆ ಲೋಹ ಒಂದೊಂದು ಕಡೆ ಒಂದೊಂದು ಥರ ಹಿಗ್ಗಿ ಸೋರೋಕೆ ಶುರು. ಪೈಪುಗಳಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ಬೆಂಕಿಯನ್ನು ಪೂರ್ತಿ ಆರಿಸದೆ, ಕೆಂಡವನ್ನು ಒಂದು ಬದಿಗೆ ರಾಶಿ ಮಾಡಿ ಮೇಲೆ ಕಲ್ಲಿದ್ದಲು ಮುಚ್ಚಿ, ಗಾಳಿಯ ಬಾಗಿಲು ಹಾಕಿಡ್ತಾರೆ, ಹಳ್ಳಿ ಮನೆಗಳಲ್ಲಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡೋ ಹಾಗೆ. ರಾತ್ರಿ ಪಾಳಿಯವರು ಆಗಾಗ ಬಂದು ನೀರಿನ ಗಾಜು ನೋಡಿ, ಎರಡು ಸಲಿಕೆ ಹಾಕಿ ಹೋಗ್ತಾರೆ. ಬೆಳಗಿನ ಜಾವ ಡ್ರೈವರ್ ಬಂದು ಮೊದಲು ಕೇಳೋದು ಬಾಯ್ಲರ್‌ನಲ್ಲಿ ಒತ್ತಡ ಎಷ್ಟಿದೆ ಅಂತ, ಆಮೇಲೆ ಮೇಲೆ ಗಾಳಿ ಹೇಗಿದೆ ಅಂತ.