ತುಂಬು ಬಸುರಿಗೆ ಕಾಮಾಲೆ

ಕಾಮಾಲೆ ಬಂದವರಿಗೆ ನಾಟಿ ಔಷಧಿ ಕೊಟ್ಟು ಪಥ್ಯ ಮಾಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಬಹುಮಂದಿ ಕೆಲವೇ ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುವುದರಿಂದ ಔಷಧಿಯ ಕೀರ್ತಿಯೂ ಬೆಳೆಯುತ್ತದೆ. ಆದರೆ ರೋಗಿಯು ತುಂಬು ಬಸುರಿಯಾಗಿದ್ದರೆ ಈ ನಂಬಿಕೆಯೇ ಪ್ರಾಣಕ್ಕೆ ಎರವಾದೀತು.

1955ರ ಕೊನೆಯಲ್ಲಿ ದಿಲ್ಲಿಗೆ ಪೂರೈಕೆಯಾಗುತ್ತಿದ್ದ ಯಮುನೆಯ ನೀರಿನಲ್ಲಿ ಚರಂಡಿಯ ಹೊಲಸು ಬೆರೆಯಿತು. ಸುಮಾರು 29,000 ಮಂದಿಗೆ ಕಾಮಾಲೆ ತಗುಲಿತು. ಇತರರಲ್ಲಿ ಸಾವು ವಿರಳವಾಗಿದ್ದರೂ ಗರ್ಭಿಣಿಯರಲ್ಲಿ ಹೆಚ್ಚಾಗಿತ್ತು. ಇದಕ್ಕೆ ಕಾರಣವಾದ ವೈರಾಣುವನ್ನು 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಾಲಯಾನ್ ಗುರುತಿಸಿದರು. ಅದೇ ಹೆಪಟೈಟಿಸ್ ‘ಇ’. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ 20ರಿಂದ 25 ತಾಯಂದಿರ ಪ್ರಾಣವನ್ನೂ ಅದು ಕಸಿಯಬಲ್ಲುದು. ಯಕೃತ್ತು ಸೋಲುತ್ತದೆ, ರಕ್ತಸ್ರಾವ ನಿಲ್ಲದಾಗುತ್ತದೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ನೀರಿನ ಕಥೆ ಊರಿಗೊಂದು ಬಗೆ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯುಂಟು. ಕುಷ್ಟಗಿ, ಯಲಬುರ್ಗಾಗಳದು ಬೆದ್ದಲು ನೆಲ. ಕಾಲುವೆಯದಾಗಲಿ, ಕೊಳವೆಬಾವಿಯದಾಗಲಿ, ಹೊಲಸು ಸೇರಿದ ನೀರು ನೋಡಲು ತಿಳಿಯಾಗಿಯೇ ಇರಬಹುದು. ಆದುದರಿಂದ ಬಸುರಿಗೆ ಕುದಿಸಿ ಆರಿಸಿದ ನೀರೇ ಕ್ಷೇಮ.

ಆಯಾಸ, ವಾಂತಿ, ಊಟ ಸೇರದಿರುವುದು ಬಸಿರಿನಲ್ಲಿ ಸಹಜವೆಂದು ಮನೆಯವರು ಸುಮ್ಮನಾಗುವುದುಂಟು. ಕಣ್ಣು ಹಳದಿಯಾಗಿ ಮೂತ್ರ ಕಪ್ಪಾದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಮಾತು ತೊದಲಿ, ಮಂಪರು ಕವಿಯುವವರೆಗೆ ಕಾದರೆ ವೈದ್ಯನ ಕೈಯಲ್ಲಿ ಉಳಿಯುವ ಕಾಲ ಅತ್ಯಲ್ಪ. ತವರಿನಲ್ಲಿ ಬಾಣಂತನಕ್ಕೆ ಸಿದ್ಧತೆ ನಡೆದಿರುವಾಗ ಒಂದು ದಿನದ ಉಪೇಕ್ಷೆ ಎರಡು ಜೀವಗಳಿಗೆ ಎರವಾಗಬಾರದು.